ದಡಕ್ಕೆ ಬಿದ್ದ ಕಡಲ ಹಕ್ಕಿಯನ್ನು ನೀರಿಗೆ ಎಸೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಎರಡು ದಿನದ ಗಾಳಿಮಳೆ ತುಸು ಹೊಳವಾದ ಬೆಳಗ್ಗೆ ಕಾಪು ದೀಪಸ್ತಂಭದ ಬಳಿಯ ಮರಳಿನಲ್ಲಿ ಕಾಗೆಗಿಂತ ಚೂರು ದೊಡ್ಡದಾದ ಕಡುಕಂದು ಹಕ್ಕಿಯೊಂದು ಎದೆಯೂರಿ ತೆವಳುತ್ತಿತ್ತು. ಕಾಲು ಮುರಿದಿದೆ ಎಂದರು ಕೆಲವರು. ಕಡಲ ಹಕ್ಕಿಯನ್ನು ಕಡಲಿಗೇ ಬಿಡೋಣವೆಂದು ಇಬ್ಬರು ಹುಡುಗರು ಎತ್ತಿ ತೆರೆಯತ್ತ ಎಸೆದರು. ತೆರೆ ಅದನ್ನು ಮರಳಿ ದಡಕ್ಕೆ ತಂದು ಹಾಕಿತು. ಮತ್ತೆ ಎಸೆದರು. ನಾನು ಹತ್ತಿರ ಹೋಗುವಷ್ಟರಲ್ಲಿ ಅದು ಮೂರನೆಯ ಸಲ. ಮಧ್ಯಾಹ್ನದೊಳಗೆ ಹಕ್ಕಿ ಸತ್ತಿತು. ಹುಡುಗರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆಮೇಲೆ ನನ್ನೊಡನೆ ನಿಂತು ಅವರೂ ಮರುಗಿದರು.

ಗುಲಾಬಿ ಕಾಲು, ತುದಿ ಕಪ್ಪಾದ ಕೊಕ್ಕು, ಕೊಕ್ಕಿನ ಬುಡದ ಮೇಲೆ ನಳಿಕೆಯಂತಹ ಮೂಗು. ಅದು ಫ್ಲೆಶ್‌ಫುಟೆಡ್ ಶಿಯರ್‌ವಾಟರ್. ಅದರ ಕಾಲು ಮುರಿದಿರಲೇ ಇಲ್ಲ. ಈ ಹಕ್ಕಿಗಳ ಕಾಲು ಮೈಯ ತೀರ ಹಿಂಬದಿಗಿರುತ್ತದೆ. ಈಜಲು, ಮುಳುಗಲು, ಮಣ್ಣು ತೋಡಲು ಒದಗುವ ಅಂಗ ಅದು. ನೆಲದ ಮೇಲೆ ಆರೋಗ್ಯವಂತ ಹಕ್ಕಿಯೂ ತಡವರಿಸುತ್ತದೆ.

ಮಣ್ಣು ತೋಡುವುದು ಮನೆಗಾಗಿ. ಮಳೆಗಾಲದಲ್ಲಿ ಅರಬ್ಬಿ ಸಮುದ್ರಕ್ಕೆ ಬರುವ ಈ ಹಕ್ಕಿಗಳ ತವರುಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ದ್ವೀಪಗಳು ಮುಖ್ಯವಾದವು. ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಮರಳಿ, ಸಾಮಾನ್ಯವಾಗಿ ಹಳೆಯ ಜೊತೆಗಾರನೊಂದಿಗೆ, ಒಂದೆರಡು ಮೀಟರ್ ಉದ್ದದ ಬಿಲದೊಳಗೆ ಸಂಸಾರ ಹೂಡುತ್ತವೆ. ನವೆಂಬರ್ ಕೊನೆಯ ಹೊತ್ತಿಗೆ ಒಂದೇ ಒಂದು ಬಿಳಿ ಮೊಟ್ಟೆ. ಅದು ಹಾಳಾದರೆ ಆ ವರ್ಷ ಇನ್ನೊಂದಿಲ್ಲ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು 60 ದಿನ ಕಾವು ಕೊಡುತ್ತವೆ. ಬಳಿಕ ಮೂರು ತಿಂಗಳು ಮರಿ ಕತ್ತಲ ಬಿಲದಲ್ಲೇ ಬೆಳೆಯುತ್ತದೆ. ಹೆತ್ತವರು ಕಡಲಲ್ಲಿ ಅಲೆದು ಮೀನು ನುಂಗಿಕೊಂಡು ರಾತ್ರಿ ಬಂದು ಉಣಿಸುತ್ತವೆ. ಆ ಮರಿ ಮುಂದೆ ತಾನೊಂದು ಮೊಟ್ಟೆಯಿಡಲು ಹಲವು ವರ್ಷ ಬೇಕು. ಕಾಪುವಿನಲ್ಲಿ ಸತ್ತದ್ದು ಬೆಳೆದ ಹಕ್ಕಿಯಾಗಿದ್ದರೆ, ಈ ಸೆಪ್ಟೆಂಬರಿನಲ್ಲಿ ಯಾವುದೋ ಬಿಲದ ಬಾಯಲ್ಲಿ ಅದರ ಜೋಡಿ ಕಾಯಲಿದೆ.

ಬಿರುಗಾಳಿಗೆ ಸಿಕ್ಕಿ ದಡ ಸೇರುವ ಹಕ್ಕಿ ದಣಿದು ಹಸಿದಿರುತ್ತದೆ, ಗರಿ ನೆನೆದಿದ್ದರೆ ತೇಲಲೂ ಆಗದು. ಕೊಕ್ಕಿನ ತುದಿ ಕೊಕ್ಕೆಯಂತಿರುವುದರಿಂದ ಟವೆಲ್ ಹಾಕಿ ಹಿಡಿಯಿರಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಹೊಯ್ಯಬೇಡಿ. ಮೂಗಿನಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಕಡಲ ನೀರಿನ ಉಪ್ಪನ್ನು ಅದು ಹೊರಹಾಕುವುದೇ ಹಾಗೆ. ಕಾಲಿನಲ್ಲಿ ಲೋಹದ ಉಂಗುರವಿದ್ದರೆ ತೆಗೆಯದೆ ಅದರ ಮೇಲಿನ ಸಂಖ್ಯೆ ಬರೆದುಕೊಳ್ಳಿ.

ಪಣಂಬೂರು, ಸುರತ್ಕಲ್, ಕಾಪು, ಮಲ್ಪೆ ಕಡಲತೀರಗಳಲ್ಲಿ ನೀರಿಗಿಳಿಯದಂತೆ ಎಚ್ಚರಿಸುವ ಫಲಕಗಳ ಪಕ್ಕದಲ್ಲೇ ಇಷ್ಟನ್ನು ಬರೆಸಿ, ಒಂದು ದೂರವಾಣಿ ಸಂಖ್ಯೆ ಹಾಕಲು ಎರಡೂ ಜಿಲ್ಲಾಡಳಿತಗಳು ಮನಸ್ಸು ಮಾಡಬೇಕು. ತೀರದಲ್ಲಿ ದಿನವಿಡೀ ಇರುವ ಜೀವರಕ್ಷಕ ಸಿಬ್ಬಂದಿಯ ಬಳಿ ಒಂದು ಟವೆಲ್, ಒಂದು ಪೆಟ್ಟಿಗೆ ಇರಲಿ. ಮಳೆಗಾಲ ಇನ್ನೂ ಮುಗಿದಿಲ್ಲ.

– ನಿವೃತ್ತ ಶಿಕ್ಷಕಿ, ಕಾಪು