ಮಗಳಿಗೊಂದು ಪತ್ರ: ಜಾಕೆಟ್ ಹಾಕಿಕೊಂಡು ಬೈಕ್ ಮೇಲೆ ಕೂತು ನೋಡು

ಪ್ರೀತಿಯ ಪುಟ್ಟಿ,

ನೀನು ರಾಯಲ್ ಎನ್‌ಫೀಲ್ಡ್‌ನ ಹಂಟರ್ 350 ಬೈಕ್ ಬುಕ್ ಮಾಡಿದ ಸುದ್ದಿ ಕೇಳಿ ಅಮ್ಮ ಮೊದಲು ಮುಖ ಊದಿಸಿಕೊಂಡಿದ್ದಳು. ಈಗ ಪರವಾಗಿಲ್ಲ, ಯಾವ ಬಣ್ಣದ್ದು ಎಂದು ಕೇಳುವ ಮಟ್ಟಕ್ಕೆ ಬಂದಿದ್ದಾಳೆ. ಬೈಕಿನ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ನಿನ್ನ ದುಡ್ಡು, ನಿನ್ನ ಇಷ್ಟ. ಆದರೆ ನೀನು ವಾಟ್ಸಾಪ್‌ನಲ್ಲಿ ಜಾಕೆಟ್‌ಗಳ ಫೋಟೋ ಕಳಿಸಿ, "ಒಂದು ಸೈಜ್ ದೊಡ್ಡದು ಆಫರ್‌ನಲ್ಲಿದೆ, ತರಿಸಿಕೊಳ್ತೀನಿ, ನೀನೇ ಸೈಡ್ ಹಿಡಿದು ಕೊಡು ಅಪ್ಪ" ಅಂದೆಯಲ್ಲ, ಅದಕ್ಕೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಬಟ್ಟೆಯ ಮಾತು ಬಂದರೆ ಟೈಲರ್ ಸುಮ್ನೆ ಕೂರುವುದುಂಟಾ?

ಸೈಡ್ ಹಿಡಿದು ಕೊಡುವುದಿಲ್ಲ. ಬೇರೆ ಯಾರ ಹತ್ತಿರವೂ ಹಿಡಿಸಬೇಡ.

ಹೋದ ವರ್ಷ ಒಬ್ಬ ಹುಡುಗ ಇಂಥದ್ದೇ ಜಾಕೆಟ್ ತಂದಿದ್ದ. ಸೊಂಟದ ಹತ್ತಿರ ಲೂಸ್, ಸ್ವಲ್ಪ ಫಿಟಿಂಗ್ ಮಾಡಿ ಅಂದ. ಲೈನಿಂಗ್ ಎತ್ತಿ ಹೊಲಿಗೆ ನೋಡಿದೆ. ಎರಡು ತುಂಡು ಸೇರಿಸುವ ಒಳಹೊಲಿಗೆ ಒಂದು. ಆ ಅಂಚನ್ನು ಮಡಚಿ, ಮೇಲಿಂದ ಮತ್ತೆರಡು ಸಾಲು. ನೂಲು ದಪ್ಪ ನೈಲಾನ್. ಉಗುರು ಹಾಕಿ ಎಳೆದರೂ ಜಗ್ಗಲಿಲ್ಲ. ರಸ್ತೆಗೆ ಉಜ್ಜಿ ಮೇಲಿನ ಸಾಲು ಸವೆದು ಹೋದರೂ ಒಳಗಿನದು ಹಿಡಿದುಕೊಂಡಿರಲಿ ಎಂದು ಹಾಗೆ ಹೊಲಿದಿರುತ್ತಾರೆ. ಅದನ್ನು ಬಿಚ್ಚಿ ನನ್ನ ಮೆಷಿನ್‌ನಲ್ಲಿ ಒಂದು ಸಾಲು ಓಡಿಸಿದರೆ ನೋಡೋಕೆ ಚೆನ್ನಾಗಿರುತ್ತದೆ, ಅಷ್ಟೇ. ಬಿದ್ದ ದಿನ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ಸಣ್ಣ ಸೈಜ್ ಬದಲಾಯಿಸಿಕೊಂಡು ಬಾ ಎಂದು ವಾಪಸ್ ಕಳಿಸಿದೆ. ಮುಖ ಸಣ್ಣ ಮಾಡಿಕೊಂಡು ಹೋದ. ಹೋಗಲಿ.

ಆಮೇಲೆ ಈ ಬಟ್ಟೆಗಳ ಬಗ್ಗೆ ನನಗೇ ಕುತೂಹಲ ಹುಟ್ಟಿತು. ನಿನ್ನ ತಮ್ಮ ಇಂಗ್ಲಿಷಿನಲ್ಲಿ ಇದ್ದದ್ದನ್ನೆಲ್ಲ ಓದಿ ಹೇಳಿದ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕಡೆ, ಬೈಕಿಂದ ಬಿದ್ದ 212 ಜನರ ಗಾಯ ಮತ್ತು ಬಟ್ಟೆ ಎರಡನ್ನೂ ನೋಡಿದ ಒಂದು ಅಧ್ಯಯನ 2011ರಲ್ಲಿ ಬಂದಿದೆ. ರೈಡಿಂಗ್ ಬಟ್ಟೆ ಹಾಕಿದ್ದವರು ಆಸ್ಪತ್ರೆ ಸೇರಿದ್ದು ಕಡಿಮೆ. ಅದು ಎಲ್ಲರೂ ಹೇಳುವ ಮಾತು. ನಾನು ಕಿವಿ ನೆಟ್ಟಗೆ ಮಾಡಿದ್ದು ಮುಂದಿನ ಸಾಲಿಗೆ. ಬಿದ್ದಾಗ ನೂರಕ್ಕೆ ಸುಮಾರು 30 ಜಾಕೆಟ್, 28 ಪ್ಯಾಂಟ್, 26 ಗ್ಲೌಸ್ ಹಾಳಾಗಿ ಕೈಕೊಟ್ಟಿದ್ದವಂತೆ. ರೈಡಿಂಗ್ ಜಾಕೆಟ್ ಅಂತ ಬೋರ್ಡ್ ಹಾಕಿ ಮಾರಿದ ಬಟ್ಟೆಯೇ! 2018ರಿಂದ ಆ ದೇಶದಲ್ಲೂ ನ್ಯೂಜಿಲೆಂಡ್‌ನಲ್ಲೂ ಸೇರಿ ಮೋಟೋಕ್ಯಾಪ್ ಎಂಬ ಹೆಸರಿನಲ್ಲಿ ಅಂಗಡಿಯ ಬಟ್ಟೆಗಳನ್ನು ಪರೀಕ್ಷೆ ಮಾಡಿ ನಕ್ಷತ್ರ ಕೊಡುತ್ತಿದ್ದಾರೆ. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು.

ನೀನು ಕೊಳ್ಳುವಾಗ ಒಳಗೆ ಹೊಲಿದಿರುವ ಲೇಬಲ್ ಹುಡುಕು. ದಾರಕ್ಕೆ ಕಟ್ಟಿ ನೇತು ಹಾಕಿದ ಬಣ್ಣದ ಕಾರ್ಡ್ ಬೇಡ. ಇಎನ್ 17092 ಎಂದಿರಬೇಕು, ಪಕ್ಕದಲ್ಲಿ ಎ, ಎಎ ಅಥವಾ ಎಎಎ. ಇದು ಯುರೋಪಿನವರ ಲೆಕ್ಕ. ಬಟ್ಟೆ ಎಷ್ಟು ಉಜ್ಜಾಟ ತಡೆಯುತ್ತದೆ, ಹರಿಯುತ್ತದಾ, ಹೊಲಿಗೆ ಎಷ್ಟು ಎಳೆತಕ್ಕೆ ಬಿಡುತ್ತದೆ ಎಂದು ನೋಡಿ ದರ್ಜೆ ಕೊಡುತ್ತಾರೆ. ಬಟ್ಟೆಗೆ ಬೇರೆ, ಹೊಲಿಗೆಗೆ ಬೇರೆ ಪರೀಕ್ಷೆ! ಇದನ್ನು ಕೇಳಿ ನನಗೆ ಖುಷಿಯೋ ಖುಷಿ. ಎಎಎ ಗಟ್ಟಿ, ಆದರೆ ಭಾರ, ಸೆಖೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಬೆವರು ಸುರಿಸಿ, ಕೊನೆಗೆ ಮೊಳೆಗೆ ನೇತು ಹಾಕಿ ಹೋಗುತ್ತೀಯ. ಹಾಗಾಗಿ ನಿನಗೆ ಎಎ ಸಾಕು. ಬಿ ಎಂದಿದ್ದರೆ ಆರ್ಮರ್ ಇರುವುದಿಲ್ಲ, ಅಂದರೆ ಭುಜ ಮೊಣಕೈಗೆ ಬರುವ ಪ್ಯಾಡ್ ಇಲ್ಲ. ಸಿ ಎಂದರೆ ಆರ್ಮರ್ ಹಿಡಿದುಕೊಳ್ಳುವ ಬಲೆಯಂಥ ಒಳಂಗಿ ಮಾತ್ರ.

ಲೇಬಲ್ ಬಟ್ಟೆಯ ಜಾತಕ ಹೇಳುತ್ತದೆ. ನಿನ್ನ ಮೈಗೆ ಕೂರುತ್ತದಾ ಇಲ್ವಾ, ಅದನ್ನು ನೀನೇ ನೋಡಬೇಕು. ಅದಕ್ಕೇ ಅಂಗಡಿಗೆ ಹೋಗು ಅನ್ನುವುದು. ಜೆ.ಸಿ. ರಸ್ತೆಗೆ ಹೋಗ್ತೀಯೋ, ಬೇರೆ ಕಡೆ ಹೋಗ್ತೀಯೋ, ಬೈಕ್ ಪಕ್ಕದಲ್ಲಿರಲಿ. ಇನ್ನೂ ಕೈಗೆ ಬಂದಿಲ್ಲದಿದ್ದರೆ ಸ್ನೇಹಿತೆಯದನ್ನು ತೆಗೆದುಕೊಂಡು ಹೋಗು.

ನಾವು ಟೈಲರ್‌ಗಳು ಜನರನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆಯುತ್ತೇವೆ. ಈ ಬಟ್ಟೆಗೆ ಅದು ನಡೆಯಲ್ಲ. ಕನ್ನಡಿ ಮುಂದೆ ನಿಂತಾಗ ಚೆಂದ ಕಾಣುವ ಜಾಕೆಟ್ ಹ್ಯಾಂಡಲ್ ಹಿಡಿದ ಕೂಡಲೇ ಬೇರೆಯೇ ಆಗುತ್ತದೆ. ಕೈ ಮುಂದೆ ಚಾಚಿದರೆ ತೋಳು ಮೇಲೆ ಸರಿಯುತ್ತದೆ, ಬೆನ್ನು ಬಗ್ಗಿದರೆ ಹಿಂಭಾಗ ಎದ್ದು ಸೊಂಟ ಕಾಣುತ್ತದೆ. ಅದಕ್ಕೇ ಜಿಪ್, ಪಟ್ಟಿ, ಬಟನ್ ಎಲ್ಲಾ ಹಾಕಿಕೊಂಡು ಬೈಕ್ ಮೇಲೆ ಕೂರು. ಬ್ರೇಕ್, ಕ್ಲಚ್ ಹಿಡಿ. ಕುತ್ತಿಗೆ ಎರಡೂ ಕಡೆ ತಿರುಗಿಸಿ ನೋಡು. ಆಮೇಲೆ ಮೊಣಕೈಯ ಆರ್ಮರನ್ನು ಇನ್ನೊಬ್ಬರ ಹತ್ತಿರ ಬಟ್ಟೆ ಮೇಲಿಂದಲೇ ಹಿಡಿದು ತಿರುಗಿಸಲು ಹೇಳು. ಮೂಳೆ ಬಿಟ್ಟು ಪಕ್ಕಕ್ಕೆ ಹೊರಳಿದರೆ ಆ ಜಾಕೆಟ್ ಬಿಟ್ಟು ಬಾ. ಬಿದ್ದಾಗ ರಸ್ತೆ ಇದಕ್ಕಿಂತ ಜೋರಾಗಿ ತಿರುಗಿಸುತ್ತದೆ. ನೀನು ಹೇಳಿದ ಒಂದು ಸೈಜ್ ದೊಡ್ಡ ಜಾಕೆಟ್ ಸೋಲುವುದು ಇಲ್ಲೇ. ತೋಳಿನ ಮೇಲೂ ಕೆಳಗೂ ಎಳೆದು ಬಿಗಿ ಮಾಡುವ ಪಟ್ಟಿ ಇರುವುದನ್ನು ಆರಿಸು.

ಹೆಂಗಸರ ಕಟಿಂಗ್ ಇದೆಯಾ ಎಂದು ಜೋರಾಗಿಯೇ ಕೇಳು. ಗಂಡಸರ ಸಣ್ಣ ಸೈಜನ್ನೇ ತೋರಿಸಿ "ಇದೇ ಆಗುತ್ತೆ ಮೇಡಂ" ಅನ್ನುವವರು ಇದ್ದಾರೆ. ಆಗಲ್ಲ. ಭುಜ ಅಗಲ, ತೋಳು ಉದ್ದ, ಸೊಂಟದ ಕೆಳಗೆ ಬಿಗಿ. ಕೂತರೆ ಜಿಪ್ ಗಲ್ಲಕ್ಕೆ ಬರುತ್ತದೆ.

ಆರ್ಮರ್ ಹೊರಗೆ ತೆಗೆದು ನೋಡಲು ನಾಚಿಕೆ ಪಡಬೇಡ. ಅದರ ಮೇಲೆಯೇ ಇಎನ್ 1621-1 ಎಂದೂ, ಲೆವೆಲ್ 1 ಅಥವಾ 2 ಎಂದೂ ಅಚ್ಚಾಗಿರುತ್ತದೆ. ಐದು ಕಿಲೋ ತೂಕ ಬೀಳಿಸಿ, ಆಚೆ ಕಡೆಗೆ ಎಷ್ಟು ಪೆಟ್ಟು ದಾಟುತ್ತದೆ ಎಂದು ಅಳೆಯುತ್ತಾರೆ. ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ (ಪೆಟ್ಟಿನ ಬಲ ಅಳೆಯುವ ಲೆಕ್ಕ) ದಾಟಬಾರದು, ಲೆವೆಲ್ 2ರಲ್ಲಿ 20. ಬೆನ್ನಿನದು ಬೇರೆ, 1621-2. ಅಲ್ಲಿ 18 ಮತ್ತು 9. ಎಷ್ಟೋ ಜಾಕೆಟ್‌ಗಳಲ್ಲಿ ಬೆನ್ನಿನ ಜೇಬಿಗೆ ಬರೀ ಸ್ಪಂಜ್ ಹಾಳೆ ತುರುಕಿರುತ್ತಾರೆ. ಹೆಬ್ಬೆರಳಲ್ಲಿ ಒತ್ತಿದರೆ ಆ ಕಡೆಯ ಬೆರಳು ತಾಗುತ್ತದೆ. ಅದನ್ನು ತೆಗೆದು ಹಾಕಿ ಲೆವೆಲ್ 2 ಬೇರೆ ಕೊಂಡು ಹಾಕಿಸು. ಇದರಲ್ಲಿ ಚೌಕಾಸಿ ಬೇಡ.

ಪ್ಯಾಂಟ್‌ಗೆ ಜೀನ್ಸ್ ಸಾಕು ಎಂದು ನೀನು ಹೇಳಿದ್ದೆ. ಮಾಮೂಲಿ ಜೀನ್ಸ್ ರಸ್ತೆಗೆ ತಾಗಿದರೆ ನೋಡ್ತಾ ನೋಡ್ತಾ ತೂತಾಗುತ್ತದೆ. ಒಳಗೆ ಕೆವ್ಲಾರ್ ಥರದ ನೂಲು ಇರುವ ರೈಡಿಂಗ್ ಜೀನ್ಸ್ ಬರುತ್ತದೆ, ಅದನ್ನು ತಗೋ. ಕೆವ್ಲಾರ್ ಕಂಡುಹಿಡಿದದ್ದು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿದ್ದ ಸ್ಟೆಫನಿ ಕ್ವೊಲೆಕ್, 1965ರಲ್ಲಿ. ಟೈರಿಗೆ ಹಗುರವಾದ, ಗಟ್ಟಿ ನೂಲು ಹುಡುಕುತ್ತಿದ್ದರು. ಸಿಕ್ಕ ದ್ರಾವಣ ಮಬ್ಬಾಗಿ, ನೀರಾಗಿ ಇತ್ತಂತೆ. ನೂಲು ತೆಗೆಯುವ ಯಂತ್ರ ಕಟ್ಟಿಕೊಳ್ಳುತ್ತದೆ ಎಂದು ಅದನ್ನು ನಡೆಸುವವನು ಹಿಂದೇಟು ಹಾಕಿದ. ಈಕೆ ಪಟ್ಟು ಹಿಡಿದು ನೂಲು ತೆಗೆಸಿದರು. ಅವರ ತಾಯಿ ಹೊಲಿಗೆ ಕೆಲಸ ಗೊತ್ತಿದ್ದವರು, ಮಗಳಿಗೂ ಚಿಕ್ಕಂದಿನಲ್ಲಿ ಬಟ್ಟೆ ಹೊಲಿಯುವ ಹುಚ್ಚಿತ್ತಂತೆ. ಇದನ್ನು ನಿನಗೆ ಹೇಳದೆ ಇರೋಕಾಗುತ್ತಾ? ಅಂದ ಹಾಗೆ ಆ ನೂಲಿಗೆ ಬ್ಲೀಚ್ ಆಗುವುದಿಲ್ಲ, ಬಿಸಿಲೂ ಆಗುವುದಿಲ್ಲ. ಒಗೆದು ನೆರಳಲ್ಲಿ ಒಣಗಿಸು. ಮಂಡಿಯ ಆರ್ಮರನ್ನೂ ಕೂತೇ ನೋಡಬೇಕು. ನಿಂತಾಗ ಚಿಪ್ಪಿಗಿಂತ ಸ್ವಲ್ಪ ಕೆಳಗಿದ್ದು, ಕೂತಾಗ ಸರಿಯಾಗಿ ಚಿಪ್ಪಿನ ಮೇಲೆ ಬರಬೇಕು.

ಹೆಲ್ಮೆಟ್‌ಗೆ ಐಎಸ್‌ಐ ಗುರುತು 2021ರ ಜೂನ್ 1ರಿಂದ ಕಡ್ಡಾಯ. ಅದಿಲ್ಲದ್ದನ್ನು ಫುಟ್‌ಪಾತಿನಲ್ಲಿ ಈಗಲೂ ಮಾರುತ್ತಾರೆ, ಆ ಕಡೆ ತಿರುಗಿ ನೋಡಬೇಡ. ಗಲ್ಲ ಮುಚ್ಚುವ ಫುಲ್ ಫೇಸ್ ತಗೋ. ಹುಬ್ಬಿನ ಸ್ವಲ್ಪ ಮೇಲೆ ಟೇಪು ಸುತ್ತಿ ಅಳತೆ ತೆಗೆದುಕೊಂಡು ಹೋಗು, ಆದರೆ ಅದನ್ನೇ ನಂಬಿ ಕೂರಬೇಡ. ಒಂದೇ ಅಳತೆಯ ತಲೆಗಳಲ್ಲೂ ಕೆಲವು ದುಂಡಗೆ, ಕೆಲವು ಉದ್ದ. ಅಂಗಡಿಯಲ್ಲೇ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಓಡಾಡು. ಕೆನ್ನೆ ಒತ್ತುತ್ತದೆ, ಅದು ಇರಲಿ, ಹಾಕ್ತಾ ಹಾಕ್ತಾ ಒಳಗಿನ ಬಟ್ಟೆ ಸಡಿಲಾಗುತ್ತದೆ. ಹಣೆಯಲ್ಲಿ ಒಂದೇ ಜಾಗ ನೋಯುತ್ತಿದ್ದರೆ ಮಾತ್ರ ಬೇರೆ ಮಾಡೆಲ್ ನೋಡು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಯಾರಾದರೂ ಎತ್ತಿ ಮುಂದಕ್ಕೆ ತಳ್ಳಲಿ, ಕಳಚಿ ಬರಬಾರದು. ಜಡೆ ಕೆಳಗೆ ಹಾಕಿಕೋ. ತುರುಬು ಕಟ್ಟಿ ಕ್ಲಿಪ್ ಹಾಕಿಕೊಂಡು ಹೋದರೆ ಹೆಲ್ಮೆಟ್ ಕೂರುವುದಿಲ್ಲ, ನಾಳೆ ತುರುಬು ಬಿಚ್ಚಿದರೆ ಅದೇ ಹೆಲ್ಮೆಟ್ ಲೊಡಲೊಡ. ನಿನ್ನ ಆಫೀಸಿನವರು ಹಳೆಯದು ಕೊಡುತ್ತೇನೆ ಅಂದರಂತೆ, ಬೇಡ. ಒಳಗಿನ ಥರ್ಮೋಕೋಲ್ ಒಂದು ಸಲ ಪೆಟ್ಟು ತಿಂದರೆ ಮುಗಿಯಿತು, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಗ್ಲೌಸ್, ಬೂಟಿನ ಬಗ್ಗೆ ನನಗೆ ಅಷ್ಟು ತಿಳಿಯದು. ಬಿದ್ದವರು ಮೊದಲು ನೆಲಕ್ಕೆ ಊರುವುದು ಅಂಗೈ, ಆದ್ದರಿಂದ ಅಂಗೈ ಬುಡದಲ್ಲಿ ಜಾರುವ ಗಟ್ಟಿ ತುಂಡು ಇರುವ ಗ್ಲೌಸ್ ನೋಡು. ಮಣಿಕಟ್ಟಿಗೆ ಪಟ್ಟಿ ಇರಲಿ. ಬೂಟು ಗಿಣ್ಣು ಮುಚ್ಚಲಿ, ಲೇಸು ಗೇರ್‌ಗೆ ಸಿಕ್ಕಿಕೊಳ್ಳದಿರಲಿ.

ಮಳೆಗಾಲದಲ್ಲಿ ಊರಿಗೆ ಬೈಕಿನಲ್ಲೇ ಬರುತ್ತೇನೆ ಅನ್ನುತ್ತಿದ್ದೀಯ. ಜಾಕೆಟ್ ಒಳಗೆ ಹಾಕುವ ಮಳೆ ಲೈನರ್ ನಂಬಬೇಡ. ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಚಳಿ ಹಿಡಿಯುತ್ತದೆ. ಮೇಲೆ ಹಾಕುವ ರೇನ್‌ಕೋಟೇ ವಾಸಿ. ನಿನಗೆ ಆಗುಂಬೆ ಮಳೆ ಗೊತ್ತಲ್ಲ.

ದುಡ್ಡು ಸ್ವಲ್ಪ ನಿನ್ನ ಖಾತೆಗೆ ಹಾಕಿದ್ದೇನೆ, ಬೇಡ ಅನ್ನಬೇಡ. ಹೆಲ್ಮೆಟ್ ಮೊದಲು, ಆಮೇಲೆ ಜಾಕೆಟ್, ಗ್ಲೌಸ್. ಪ್ಯಾಂಟು ಬೂಟು ಮುಂದಿನ ತಿಂಗಳಾದರೂ ಆಗಲಿ, ಆದರೆ ಅಲ್ಲಿಯವರೆಗೆ ಊರು ಬಿಟ್ಟು ಹೊರಗೆ ಓಡಿಸಬೇಡ. ಬಿಲ್ ಇಟ್ಟುಕೋ, ಎಷ್ಟು ದಿನದಲ್ಲಿ ಬದಲಾಯಿಸಿ ಕೊಡುತ್ತಾರೆ ಎಂದು ಬರೆಸಿಕೋ. ಫೋಟೋ ಕಳಿಸುವಾಗ ನೀನು ಹಾಕಿಕೊಂಡು ನಿಂತದ್ದು ಅಮ್ಮನಿಗೆ ಕಳಿಸು. ನನಗೆ ಜಾಕೆಟ್ ಒಳಗೆ ತಿರುಗಿಸಿ, ಲೇಬಲ್ ಮತ್ತು ಭುಜದ ಹೊಲಿಗೆ ಕಾಣುವ ಹಾಗೆ ಕಳಿಸು.

ಇನ್ನೊಂದು. ಪೂರ್ತಿ ಕಪ್ಪು ಬೇಡ, ರಾತ್ರಿ ಲಾರಿಯವರಿಗೆ ಕಾಣುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಾಳೆ. ಕೊಳೆ ಕಾಣದಿರಲಿ ಎಂದು ನಾನು ಕಪ್ಪೇ ಇರಲಿ ಅನ್ನೋಣ ಅಂತಿದ್ದೆ. ಅವಳ ಮಾತೇ ಕೇಳು.

ಇಂತಿ,
ನಿನ್ನ ಅಪ್ಪ