ಚಲಾವಣೆಯ ನಾಣ್ಯದ ಮೇಲೆ ಯಾರ ಮುಖವೂ ಬೇಡ: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರೇ,

ನಮಸ್ಕಾರ. ಈ ಪತ್ರವನ್ನು ರಿಸರ್ವ್ ಬ್ಯಾಂಕಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ನೋಟು ಅವರದ್ದು, ನಾಣ್ಯ ನಿಮ್ಮದು. ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾದ ಟಂಕಸಾಲೆಗಳಲ್ಲಿ ಯಾವ ಚಿತ್ರದ ಅಚ್ಚು ಬೀಳಬೇಕು ಅನ್ನೋದನ್ನು 2011ರ ನಾಣ್ಯ ಕಾಯ್ದೆ ಕೇಂದ್ರ ಸರ್ಕಾರಕ್ಕೇ ಬಿಟ್ಟಿದೆ. ನನ್ನ ಕೋರಿಕೆ ಇಷ್ಟೇ: ಜನ ದಿನಾ ಬಳಸುವ ನಾಣ್ಯದ ಮೇಲೆ ಇನ್ನು ಮುಂದೆ ಯಾವ ವ್ಯಕ್ತಿಯ ಮುಖವೂ ಬೇಡ. ಬದುಕಿರುವವರದ್ದೂ ಬೇಡ, ತೀರಿಹೋದವರದ್ದೂ ಬೇಡ.

ನಾಣ್ಯದ ಮೇಲೆ ಮುಖ ಹಾಕಿಸೋದು ರಾಜರ ಅಭ್ಯಾಸ. ಈ ನೆಲ, ಈ ಹಣ, ಈ ಪ್ರಜೆಗಳು ಎಲ್ಲ ನನ್ನವು ಅಂತ ಸಾರುವ ದಾರಿ ಅದು. ಅಮೆರಿಕದವರು 1792ರಲ್ಲಿ ನಾಣ್ಯದ ಕಾಯ್ದೆ ಮಾಡುವಾಗ ಅಧ್ಯಕ್ಷರ ಮುಖ ಹಾಕೋಣ ಎಂಬ ಸಲಹೆ ಬಂದಿತ್ತು. ಜನಪ್ರತಿನಿಧಿಗಳು ಅದನ್ನು ತಳ್ಳಿಹಾಕಿ ಸ್ವಾತಂತ್ರ್ಯದ ಸಂಕೇತ ಸಾಕು ಅಂದರು. ಆದರೆ ಮುಂದೆ ಅಲ್ಲೂ ಪಟ್ಟು ಸಡಿಲವಾಯಿತು. 1909ರಲ್ಲಿ ಲಿಂಕನ್ ಬಂದರು, 1932ರಲ್ಲಿ ವಾಷಿಂಗ್ಟನ್ ಬಂದರು, ಆಮೇಲೆ ನಿಲ್ಲಿಸೋದು ಕಷ್ಟವಾಯಿತು.

ನಮ್ಮ ಶುರುವಾತು ಅವರಷ್ಟೇ ಚೆನ್ನಾಗಿತ್ತು. 1950ರಲ್ಲಿ ಆರನೇ ಜಾರ್ಜ್ ದೊರೆಯ ಮುಖ ತೆಗೆದಾಗ ಆ ಜಾಗಕ್ಕೆ ನಮ್ಮ ಯಾವ ನಾಯಕರೂ ಬಂದು ಕೂರಲಿಲ್ಲ. ಅಶೋಕ ಸ್ತಂಭದ ಸಿಂಹ ಬಂತು. ಹಿಂಬದಿಯಲ್ಲಿ ಪೈಸೆಗೆ ಕುದುರೆ, ಆಣೆಗೆ ಎತ್ತು, ರೂಪಾಯಿಗೆ ತೆನೆ. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿಬಂದವರೇ ಆಗ ಅಧಿಕಾರದಲ್ಲಿದ್ದರು, ಗಾಂಧೀಜಿ ತೀರಿಕೊಂಡು ಎರಡೇ ವರ್ಷವಾಗಿತ್ತು. ಆದರೂ ಆ ಮೊದಲ ನಾಣ್ಯಗಳ ಮೇಲೆ ಯಾರ ಮುಖವೂ ಬರಲಿಲ್ಲ ಅಂದರೆ ಅದು ದೊಡ್ಡ ಮಾತು ಅಲ್ವಾ?

1964ರಲ್ಲಿ ನೆಹರೂ ನಾಣ್ಯ ಬಂತು, 1969ರಲ್ಲಿ ಗಾಂಧೀಜಿಯದ್ದು, 1985ರಲ್ಲಿ ಇಂದಿರಾ ಗಾಂಧಿಯವರದ್ದು. ಆಮೇಲೆ ಸರ್ಕಾರ ಯಾರದ್ದೇ ಇರಲಿ, ಪಟ್ಟಿ ಬೆಳೆಯುತ್ತಲೇ ಹೋಯಿತು. ಇವರಲ್ಲಿ ಯಾರೂ ದೊಡ್ಡವರಲ್ಲ ಅಂತ ನಾನು ಹೇಳುತ್ತಿಲ್ಲ. ಒಬ್ಬರನ್ನು ಸೇರಿಸಿದ ಕೂಡಲೇ, ನಮ್ಮವರು ಯಾಕಿಲ್ಲ ಅಂತ ಇನ್ನೊಂದು ಕಡೆಯಿಂದ ಕೇಳುತ್ತಾರೆ. ಕೇಳೋದು ನ್ಯಾಯವೇ. ಆ ಪ್ರಶ್ನೆಗೆ ಯಾವ ಸರ್ಕಾರದ ಹತ್ತಿರವೂ ಉತ್ತರ ಇರಲ್ಲ, ಯಾಕೆಂದರೆ ಯಾರು ಮೊದಲು, ಯಾರು ಆಮೇಲೆ ಅಂತ ಅಳೆಯುವ ಕೋಲೇ ಇಲ್ಲ. ಕೊನೆಗೆ ಮತದ ಲೆಕ್ಕವೇ ಅಳತೆಯಾಗುತ್ತೆ.

1990ರಲ್ಲಿ ಬಂದ ಅಂಬೇಡ್ಕರ್ ಅವರ ಒಂದು ರೂಪಾಯಿ ನಾಣ್ಯದ ವಿಷಯದಲ್ಲಿ ಮಾತ್ರ ನನ್ನ ವಾದ ನನಗೇ ಕಷ್ಟವಾಗುತ್ತೆ. ಶತಮಾನಗಳಿಂದ ಸಮಾಜ ಮುಟ್ಟಿಸಿಕೊಳ್ಳದೇ ದೂರ ಇಟ್ಟ ಜನರ ಕಡೆಯ ಒಬ್ಬರ ಮುಖವನ್ನು ಇಡೀ ದೇಶ ಕೈಯಿಂದ ಕೈಗೆ ದಾಟಿಸಿತು. ಅದರ ಬೆಲೆ ಸಣ್ಣದಲ್ಲ. ಆದರೆ ಆ ಗೌರವ ಉಳಿಯಬೇಕಾದರೆ ಅದು ಮುಂದಿನ ಸರ್ಕಾರದ ಇಷ್ಟದ ಮೇಲೆ ನಿಂತಿರಬಾರದು. ಇವತ್ತು ಹಾಕಿದ ಮುಖವನ್ನು ನಾಳೆ ಬಂದವರು ಸುಮ್ನೆ ಕೈಬಿಡಬಹುದು, ಪಕ್ಕದಲ್ಲಿ ತಮಗೆ ಬೇಕಾದವರನ್ನು ತಂದು ಕೂರಿಸಬಹುದು.

ಇನ್ನೊಂದು ಕಷ್ಟ ಇದೆ. 2006ರಲ್ಲಿ ಬಸವಣ್ಣನವರ ಐದು ರೂಪಾಯಿ ನಾಣ್ಯ ಬಂತು. 12ನೇ ಶತಮಾನದಲ್ಲಿ ಅವರನ್ನು ಕಣ್ಣಾರೆ ನೋಡಿ ಬರೆದ ಚಿತ್ರ ನಮ್ಮ ಹತ್ತಿರ ಇಲ್ಲ. ತಿರುವಳ್ಳುವರ್ ನಾಣ್ಯದ್ದೂ ಅದೇ ಕಥೆ. ಕಲಾವಿದರು ಊಹಿಸಿದ ಮುಖಕ್ಕೆ ಸರ್ಕಾರದ ಠಸ್ಸೆ ಬಿದ್ದ ಮೇಲೆ, ಜನರ ಕಣ್ಣಲ್ಲಿ ಅದೇ ನಿಜವಾದ ಮುಖವಾಗಿಬಿಡುತ್ತೆ.

ನೋಟಿನ ಮೇಲೆ ಗಾಂಧೀಜಿ ಇಲ್ವಾ ಅಂತ ನೀವು ಕೇಳಬಹುದು. ನೋಟಿನಲ್ಲಿ ಮುಖಕ್ಕೆ ಒಂದು ಕೆಲಸ ಇದೆ. ಪರಿಚಿತ ಮುಖದಲ್ಲಿ ಸ್ವಲ್ಪ ಏರುಪೇರಾದರೂ ನಮ್ಮ ಕಣ್ಣು ಹಿಡಿಯುತ್ತೆ, ಖೋಟಾ ನೋಟು ಗುರುತಿಸಲು ಅದು ನೆರವಾಗುತ್ತೆ. ನಾಣ್ಯದಲ್ಲಿ ಆ ಲಾಭ ಕಡಿಮೆ. ಅಷ್ಟು ಚಿಕ್ಕ ಲೋಹದ ಬಿಲ್ಲೆಯ ಮೇಲೆ ಉಬ್ಬಿದ ಭಾಗ ಮೊದಲು ಸವೆಯುತ್ತೆ, ಅಂದರೆ ಮೂಗು, ಕೆನ್ನೆ, ಹಣೆ.

ಮುಖ ಇಲ್ಲದೆ ಚಂದದ ನಾಣ್ಯ ಆಗುತ್ತೆ ಅನ್ನೋದಕ್ಕೆ ನಿಮ್ಮ ಟಂಕಸಾಲೆಗಳೇ ಸಾಕ್ಷಿ. 2007ರ ಸುಮಾರಿಗೆ ಬಂದ ನಾಣ್ಯಗಳಲ್ಲಿ ನೃತ್ಯದ ಹಸ್ತಮುದ್ರೆಗಳಿದ್ದವು. ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಓದು ಬಾರದವರಿಗೂ ಬೆಲೆ ಗೊತ್ತಾಗುತ್ತಿತ್ತು. ಆ ಕೈ ಯಾರದ್ದು ಅಂತ ಯಾರೂ ಜಗಳ ಆಡಲಿಲ್ಲ. 2019ರಲ್ಲಿ ಪ್ರಕಟವಾದ ಸರಣಿಯಲ್ಲಿ ಧಾನ್ಯದ ತೆನೆ ಮತ್ತೆ ಬಂದಿದೆ, ಕಣ್ಣು ಕಾಣದವರು ಮುಟ್ಟಿ ಗುರುತಿಸುವ ಹಾಗೆ ರೂಪಿಸಿದ್ದಾರೆ, 20 ರೂಪಾಯಿ ನಾಣ್ಯಕ್ಕೆ 12 ಅಂಚುಗಳಿವೆ. ಇದನ್ನೇ ಮುಂದುವರಿಸಿ.

ಮಹನೀಯರ ನೆನಪಿಗೆ 75, 100, 125 ರೂಪಾಯಿಯ ಸ್ಮಾರಕ ನಾಣ್ಯಗಳು ಇದ್ದೇ ಇವೆ. ಸಂಗ್ರಹಿಸುವವರು ಕೊಂಡುಕೊಳ್ಳುತ್ತಾರೆ, ಅದು ನಡೆಯಲಿ. ಚಲಾವಣೆಯ ನಾಣ್ಯಕ್ಕೆ ಮಾತ್ರ, ವ್ಯಕ್ತಿಯ ಚಿತ್ರ ಇರಕೂಡದು ಎಂಬ ಒಂದು ಸಾಲನ್ನು ಕಾಯ್ದೆಯಲ್ಲೇ ಸೇರಿಸಿ. ಬರೀ ಆದೇಶ ಹೊರಡಿಸಿದರೆ ನಿಮ್ಮ ನಂತರ ಬರುವವರು ಇನ್ನೊಂದು ಆದೇಶದಿಂದ ಅದನ್ನು ಅಳಿಸಬಹುದು. ತಿದ್ದುಪಡಿಯನ್ನು ಸಂಸತ್ತಿಗೆ ತನ್ನಿ, ಎಲ್ಲ ಪಕ್ಷದವರೂ ತಮ್ಮ ಮಾತನ್ನು ಅಲ್ಲೇ ಹೇಳಲಿ.

ಇಂತಿ,
ಒಬ್ಬ ನಾಗರಿಕ