ಡಾಂಟೆಯ ನರಕ ಓದುತ್ತಿರುವ ಮೇಘನಾಳಿಗೆ

ಚಿ. ಮೇಘನಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಪ್ಪನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ. ಇಟಲಿಯ ಕವಿ ಡಾಂಟೆಯ 'ಡಿವೈನ್ ಕಾಮಿಡಿ' ಕಾವ್ಯದ ಮೊದಲ ಭಾಗವಾದ ನರಕದ ಬಗ್ಗೆ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ನೋಟ್‌ಬುಕ್ಕಿನ ಪುಟಗಳನ್ನೆಲ್ಲ ಓದಿದೆ. ಉತ್ತರ ಮೆಸೇಜಿನಲ್ಲಿ ಹಿಡಿಸೋದಿಲ್ಲ ಅನ್ನಿಸಿ ಕಾಗದ ಬರೆಯುತ್ತಿದ್ದೇನೆ.

ಎಡಗಡೆ ಪುಟದಲ್ಲಿ ಚೆಂದದ ಪಟ್ಟಿ ಮಾಡಿದ್ದೀಯ. ಯಾವ ಪಾಪ, ಯಾವ ಶಿಕ್ಷೆ, ಅದರ ಅರ್ಥವೇನು. ಬಲಗಡೆ ಪೆನ್ಸಿಲ್‌ನಲ್ಲಿ ನಿನ್ನ ಮನಸ್ಸಿಗೆ ಬಂದದ್ದು: 'ಇಲ್ಲಿ ಜೋರಾಗಿ ನಕ್ಕೆ', 'ಇಲ್ಲಿ ಅಳು ಬಂತು', 'ಈ ಕವಿಗೆ ಕರುಣೆಯೇ ಇಲ್ಲ, ಪುಸ್ತಕ ಮುಚ್ಚಿಟ್ಟೆ'. ಕಾಲೇಜಿಗೆ ಬರೆಯಬೇಕಾದ ಪೇಪರಿಗೆ ಎಡಗಡೆಯದು ಸಾಕು, ಬಲಗಡೆಯದನ್ನು ಅಳಿಸಿಬಿಡಲಾ ಅಂತ ಕೇಳಿದ್ದೀಯ. ಅಳಿಸಬೇಡ ಮಾರಾಯ್ತಿ.

ಪಟ್ಟಿ ತಪ್ಪು ಅಂತಲ್ಲ. ಡಾಂಟೆಯ ನರಕದಲ್ಲಿ ಲೆಕ್ಕ ಇದೆ. ಕಪಟಿಗಳು ಹೊರಗೆ ಚಿನ್ನದ ಹೊಳಪು, ಒಳಗೆ ಸೀಸ ಇರುವ ಭಾರದ ನಿಲುವಂಗಿ ಹೊತ್ತು ನಡೆಯುತ್ತಾರೆ. ಮುಂದಾಗುವುದನ್ನು ನೋಡುತ್ತೇವೆ ಅಂದ ಜ್ಯೋತಿಷಿಗಳ ತಲೆ ಹಿಂದಕ್ಕೆ ತಿರುಚಿಕೊಂಡಿದೆ. ಅವರ ಕಣ್ಣೀರು ಬೆನ್ನ ಮೇಲೆ ಇಳಿಯುತ್ತದೆ. ಇಂಗ್ಲೆಂಡಿನ ರಾಜನ ಮೇಲೆ ಅವನ ಮಗನನ್ನೇ ಎತ್ತಿಕಟ್ಟಿದ ಬೆರ್ಟ್ರಾನ್ ದ ಬೋರ್ನ್ ತನ್ನ ಕಡಿದ ತಲೆಯನ್ನೇ ಲಾಟೀನಿನ ಹಾಗೆ ಕೈಯಲ್ಲಿ ಹಿಡಿದು ಬರುತ್ತಾನೆ. ಒಂದಾಗಿದ್ದವರನ್ನು ನಾನು ಬೇರೆ ಮಾಡಿದೆ, ಅದಕ್ಕೇ ನನಗೆ ಹೀಗೆ ಅಂತ ಅವನೇ ಬಿಡಿಸಿ ಹೇಳುತ್ತಾನೆ. ಪಟ್ಟಿ ಮಾಡು ಅಂತ ಪದ್ಯವೇ ಕೈಗೆ ಪೆನ್ನು ಕೊಟ್ಟಂತಿದೆ.

ಆದರೆ ಬಲಗಡೆಯ ಪುಟವೂ ಪದ್ಯದ ಒಳಗೇ ಇದೆ. ಅದನ್ನು ನೀನು ಗಮನಿಸಲಿಲ್ಲ. ಈ ನರಕವನ್ನು ನಮಗೆ ತೋರಿಸುತ್ತಿರುವುದು ನ್ಯಾಯಾಧೀಶನಲ್ಲ. ಕವಿ ಡಾಂಟೆ ಅಂತ ತನ್ನದೇ ಹೆಸರು ಕೊಟ್ಟ ಒಬ್ಬ ಹೆದರುಪುಕ್ಕಲ ಪ್ರಯಾಣಿಕ. ಅವನೂ ನಿನ್ನ ಹಾಗೇ ಒಂದು ಕಡೆ ಅಳುತ್ತಾನೆ, ಒಂದು ಕಡೆ ಖುಷಿಪಡುತ್ತಾನೆ, ಒಂದು ಕಡೆ ಮೂರ್ಛೆ ಹೋಗುತ್ತಾನೆ. ಎಂಟನೆಯ ಸರ್ಗದಲ್ಲಿ ಕೆಸರಿನಲ್ಲಿ ಬಿದ್ದಿರುವ ಕೋಪಿಷ್ಠ ಫಿಲಿಪ್ಪೋ ಅರ್ಜೆಂತಿಯನ್ನು ಇನ್ನೂ ಮುಳುಗಿಸುವುದನ್ನು ನೋಡಬೇಕು ಅನ್ನುತ್ತಾನೆ. ನರಕದಲ್ಲಿ ಅವನಿಗೆ ದಾರಿ ತೋರಿಸುವ ಗುರು, ಪ್ರಾಚೀನ ರೋಮನ್ ಕವಿ ವರ್ಜಿಲ್, ಅವನನ್ನು ತಬ್ಬಿ ಮೆಚ್ಚಿಕೊಳ್ಳುತ್ತಾನೆ. ಇಪ್ಪತ್ತನೆಯದರಲ್ಲಿ ತಿರುಚಿದ ತಲೆಗಳನ್ನು ಕಂಡು ಬಂಡೆಗೆ ಒರಗಿ ಅತ್ತರೆ, ನೀನೂ ಬೇರೆ ಮೂರ್ಖರ ಹಾಗೇನಾ ಅಂತ ಅದೇ ಗುರು ಗದರುತ್ತಾನೆ. ಶಿಕ್ಷೆಗಳನ್ನು ನೋಡುವವನೇ ಇಲ್ಲಿ ಪರೀಕ್ಷೆಗೆ ಕೂತಿದ್ದಾನೆ. ಅವನ ಜೊತೆ ಓದುಗರೂ. ನಿನ್ನ ಪೇಪರಿನ ವಿಷಯ ಇದೇ ಆಗಬೇಕು ಅಂತ ನನ್ನ ಅಭಿಪ್ರಾಯ.

ಈಗ ನಿನಗೆ ಅಳು ಬಂದ ಜಾಗಕ್ಕೆ ಬಾ. ಐದನೆಯ ಸರ್ಗ, ಫ್ರಾಂಚೆಸ್ಕಾ. ಮೈದುನ ಪಾವ್ಲೋನ ಜೊತೆ ರಾಣಿಯನ್ನು ಪ್ರೀತಿಸಿದ ವೀರ ಲಾನ್ಸಲಾಟ್‌ನ ಕತೆ ಓದುತ್ತಾ ಓದುತ್ತಾ ಅವನನ್ನು ಪ್ರೀತಿಸಿ, ಗಂಡನ ಕೈಯಲ್ಲಿ ಸತ್ತವಳು. ಬದುಕಿದ್ದಾಗ ಆಸೆ ಎಳೆದ ಕಡೆ ಹೋದವರನ್ನು ಇಲ್ಲಿ ಬಿರುಗಾಳಿ ಎಳೆದಾಡುತ್ತದೆ. ನಿನಗೆ ಅಳು ಬಂದದ್ದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಪ್ರಯಾಣಿಕ ಅಲ್ಲೇ ಸತ್ತವನ ಹಾಗೆ ಕೆಳಗೆ ಬೀಳುತ್ತಾನೆ. ಆದರೆ ಅತ್ತ ಮೇಲೆ ಇನ್ನೊಮ್ಮೆ ಓದು. ಅವಳ ಮಾತಿನಲ್ಲಿ ಮೂರು ಪದ್ಯಗಳು ಒಂದರ ಹಿಂದೊಂದು 'ಪ್ರೀತಿ' ಅಂತಲೇ ಶುರುವಾಗುತ್ತವೆ. ಪ್ರೀತಿ ಅವನನ್ನು ಹಿಡಿಯಿತು, ಪ್ರೀತಿ ನನ್ನನ್ನು ಹಿಡಿಯಿತು, ಪ್ರೀತಿ ನಮ್ಮನ್ನು ಸಾವಿಗೆ ಒಯ್ದಿತು. ಆಮೇಲೆ ತಪ್ಪು ಪುಸ್ತಕದ್ದು, ಅದನ್ನು ಬರೆದವನದ್ದು. ನಾನು ಹೀಗೆ ಮಾಡಿದೆ ಅಂತ ಒಂದು ಸಾಲೂ ಇಲ್ಲ. ಮಾತಾಡಲಿ ಅಂತ ಗಾಳಿ ನಿಂತಾಗಲೂ ಅವಳ ಮಾತು ಗಾಳಿಗೆ ಸಿಕ್ಕಂತೆಯೇ ಇದೆ. ಶಿಕ್ಷೆ ಅಂದರೆ ಹೊರಗಿನಿಂದ ಯಾರೋ ಹಾಕಿದ ದಂಡ ಅಲ್ಲ, ಮಾಡಿದ್ದೇ ನಿಲ್ಲದೆ ಮುಂದುವರಿಯೋದು ಅನ್ನುವುದು ಇಲ್ಲಿ ಕಾಣುತ್ತದೆ. ಪಟ್ಟಿಯ ಚೌಕದಲ್ಲಿ ಇದು ಹಿಡಿಸೋದಿಲ್ಲ.

ಇನ್ನೊಂದು ಕೇಳುತ್ತೇನೆ. ಪಾವ್ಲೋನ ಬಗ್ಗೆ ನಿನಗೆ ಏನನ್ನಿಸಿತು? ನಿನ್ನ ಪುಟದಲ್ಲಿ ಅವನ ಹೆಸರೇ ಇಲ್ಲ. ಅವನು ಬರೀ ಅಳುತ್ತಾನೆ, ಬಾಯಿ ಬಿಡೋದಿಲ್ಲ. ಅದರ ಮುಂದಿನ ಸರ್ಗದಲ್ಲಿ ಹೊಟ್ಟೆಬಾಕರು ಕೊಳೆತ ಮಳೆಯಲ್ಲಿ ಬಿದ್ದು ಒದ್ದಾಡುತ್ತಾರೆ. ಅವರ ಮೇಲೂ ನೀನು ಕಣ್ಣೀರು ಹಾಕಲಿಲ್ಲ. ಚೆನ್ನಾಗಿ ಮಾತಾಡಬಲ್ಲವರ ಮೇಲೆ ಮಾತ್ರ ನಮಗೆ ಕರುಣೆ ಬರುತ್ತದಾ? ಇದನ್ನು ನಿನ್ನ ಮೇಲೆ ಆರೋಪ ಅಂತ ತಗೋಬೇಡ. ನಿನ್ನ ಪೆನ್ಸಿಲ್ ಗುರುತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇಂಥವು ಹೊರಬರುತ್ತವೆ.

ಹದಿಮೂರನೆಯ ಸರ್ಗದಲ್ಲಿ ನೀನು ಪುಸ್ತಕ ಮುಚ್ಚಿಟ್ಟೆ. ತಮ್ಮ ಕೈಯಾರೆ ಪ್ರಾಣ ಬಿಟ್ಟವರು ಮುಳ್ಳಿನ ಮರಗಳಾಗಿ ನಿಂತ ಕಾಡು. ನಿನ್ನ ಸಿಟ್ಟು ನ್ಯಾಯವೇ. ಇವತ್ತು ನಾವು ಆ ನೋವನ್ನು ಪಾಪ ಅಂತ ಕರೆಯೋದಿಲ್ಲ, ಕರೆಯಲೂಬಾರದು. ಪೇಪರಿನಲ್ಲೂ ಹಾಗೇ ನೇರವಾಗಿ ಬರಿ. ಹಳೆಯ ಮಹಾಕವಿ ಅಂದ ಮಾತ್ರಕ್ಕೆ ಎಲ್ಲದಕ್ಕೂ ತಲೆಯಾಡಿಸಬೇಕಿಲ್ಲ. ಆದರೆ ಕರುಣೆಯೇ ಇಲ್ಲ ಅಂದೆಯಲ್ಲ, ಅದನ್ನು ಮಾತ್ರ ಇನ್ನೊಮ್ಮೆ ನೋಡು. ಪ್ರಯಾಣಿಕ ಗೊತ್ತಿಲ್ಲದೆ ಒಂದು ರೆಂಬೆ ಮುರಿಯುತ್ತಾನೆ. ಅಲ್ಲಿಂದ ರಕ್ತವೂ ಮಾತೂ ಒಟ್ಟಿಗೆ ಬರುತ್ತವೆ. ಮರಕ್ಕೆ ಬಾಯಿಲ್ಲ, ಗಾಯವಾದರೆ ಮಾತ್ರ ಅದು ಮಾತಾಡಬಲ್ಲದು. ಆ ಮರ ಚಕ್ರವರ್ತಿ ಎರಡನೆಯ ಫ್ರೆಡ್ರಿಕ್‌ನ ಮಂತ್ರಿಯಾಗಿದ್ದ ಪಿಯೆರ್ ದೆಲ್ಲಾ ವಿನ್ಯಾ. ಆಸ್ಥಾನದ ಹೊಟ್ಟೆಕಿಚ್ಚು ನನ್ನನ್ನು ಮುಗಿಸಿತು, ನನ್ನ ಒಡೆಯನಿಗೆ ನಾನು ಎಂದೂ ಎರಡು ಬಗೆಯಲಿಲ್ಲ ಅಂತ ತನ್ನ ಬೇರುಗಳ ಮೇಲೆ ಆಣೆ ಮಾಡುತ್ತಾನೆ. ಭೂಮಿಯ ಮೇಲೆ ಅವನ ಹೆಸರಿಗೆ ಅಂಟಿದ ದ್ರೋಹದ ಮಸಿಯನ್ನು ಡಾಂಟೆ ನರಕದಲ್ಲಿ ಒರೆಸುತ್ತಾನೆ. ಆಮೇಲೆ ಪ್ರಯಾಣಿಕನಿಗೆ ಗಂಟಲು ಕಟ್ಟಿ ಪ್ರಶ್ನೆ ಕೇಳಲೂ ಆಗೋದಿಲ್ಲ. ನೀವೇ ಕೇಳಿ ಅಂತ ವರ್ಜಿಲ್‌ಗೆ ಹೇಳುತ್ತಾನೆ. ತೀರ್ಪು ಒಂದು ಕಡೆ, ಕವಿಯ ಮನಸ್ಸು ಇನ್ನೊಂದು ಕಡೆ. ನಿನ್ನ ಸಿಟ್ಟನ್ನೂ ಈ ಬಿರುಕನ್ನೂ ಒಂದೇ ಪ್ಯಾರಾದಲ್ಲಿ ಇಡು.

ಲಂಚಕೋರರ ಭಾಗಕ್ಕೆ ನಕ್ಕಿದ್ದೀಯ. ನಾನೂ ನಗುತ್ತೇನೆ. ಕುದಿಯುವ ಡಾಂಬರಿನಲ್ಲಿ ಅವರನ್ನು ಮುಳುಗಿಸಿ, ತಲೆ ಎತ್ತಿದರೆ ದೆವ್ವಗಳು ಕೊಕ್ಕೆಯಿಂದ ಒಳಗೆ ತಳ್ಳುತ್ತವೆ. ಮರೆಯಲ್ಲಿ ವ್ಯವಹಾರ ಮಾಡಿದವರು, ಈಗಲೂ ಮರೆಯಲ್ಲೇ ಇರಲಿ ಅಂತ. ಆದರೆ ಒಂದು ವಿಷಯ ಗೊತ್ತಿರಲಿ. ಫ್ಲಾರೆನ್ಸ್ ನಗರ 1302ರಲ್ಲಿ ಡಾಂಟೆಯನ್ನು ಗಡೀಪಾರು ಮಾಡಿದ್ದು ಇದೇ ಲಂಚದ ಆರೋಪದ ಮೇಲೆ. ಮರಳಿ ಸಿಕ್ಕರೆ ಜೀವಂತ ಸುಡಬೇಕು ಅಂತ ಮಾರ್ಚ್ ತಿಂಗಳಲ್ಲಿ ಎರಡನೆಯ ತೀರ್ಪು ಬಂತು. ಅವನು ವಾಪಸ್ ಹೋಗಲೇ ಇಲ್ಲ. 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಅವನಿಗೆ ಆಶ್ರಯ ಕೊಟ್ಟವನು ಫ್ರಾಂಚೆಸ್ಕಾಳ ಸೋದರಳಿಯ ಅನ್ನೋದು ಇನ್ನೊಂದು ಸ್ವಾರಸ್ಯ. ಫ್ಲಾರೆನ್ಸಿನ ನಗರಸಭೆ ಆ ಶಿಕ್ಷೆಯನ್ನು ರದ್ದು ಮಾಡುವ ನಿರ್ಣಯ ತಂದದ್ದು 2008ರಲ್ಲಿ! ಆ ಡಾಂಬರಿನ ದಂಡೆಯಲ್ಲಿ ವರ್ಜಿಲ್ ಪ್ರಯಾಣಿಕನಿಗೆ, ಬಂಡೆಯ ಹಿಂದೆ ಅಡಗಿಕೋ, ದೆವ್ವಗಳಿಗೆ ಕಾಣಿಸಬೇಡ ಅನ್ನುತ್ತಾನೆ. ಇದು ಗೊತ್ತಾದ ಮೇಲೆ ಆ ನಗೆ ಹೇಗೆ ಬದಲಾಗುತ್ತದೆ ನೋಡು.

ನಿನ್ನ ಪುಟದಲ್ಲಿ ಏನೂ ಬರೆಯದೆ ಬಿಟ್ಟ ಜಾಗ ಮೂವತ್ತಮೂರನೆಯ ಸರ್ಗದ ಕೊನೆ. ಗೋಪುರದಲ್ಲಿ ಮಕ್ಕಳ ಜೊತೆ ಹಸಿವಿನಿಂದ ಸತ್ತ ಉಗೋಲಿನೋ ಕತೆ ಓದಿ ಸುಸ್ತಾಗಿರಬೇಕು. ಅಲ್ಲಿ ಊಟಕ್ಕೆ ಕರೆದ ನೆಂಟರನ್ನೇ ಕೊಲ್ಲಿಸಿದ ಅಲ್ಬೆರಿಗೋ ಮಂಜಿನಲ್ಲಿ ಹೂತಿದ್ದಾನೆ. ಕಣ್ಣೀರು ಕಣ್ಣಲ್ಲೇ ಹೆಪ್ಪುಗಟ್ಟಿದೆ, ಅಳುವುದಕ್ಕೂ ದಾರಿಯಿಲ್ಲ. ನೀನು ಯಾರು ಹೇಳು, ಕಣ್ಣಿನ ಮಂಜು ತೆಗೆಯುತ್ತೇನೆ, ತೆಗೆಯದಿದ್ದರೆ ಮಂಜಿನ ತಳಕ್ಕೆ ಹೋಗುತ್ತೇನೆ ಅಂತ ಪ್ರಯಾಣಿಕ ಮಾತು ಕೊಡುತ್ತಾನೆ. ಅವನು ಹೇಗೂ ಹೋಗಬೇಕಾದದ್ದು ಆ ತಳಕ್ಕೇ! ಹೆಸರು ತಿಳಿದುಕೊಂಡು, ಮಂಜು ತೆಗೆಯದೆ ಮುಂದೆ ನಡೆಯುತ್ತಾನೆ. ಅವನೊಂದಿಗೆ ಒರಟಾಗಿ ನಡೆದದ್ದೇ ಸೌಜನ್ಯ ಅಂತ ಬೇರೆ ಹೇಳಿಕೊಳ್ಳುತ್ತಾನೆ. ದ್ರೋಹಿಗಳ ಜಾಗದಲ್ಲಿ ನಿಂತು ಕೊಟ್ಟ ಮಾತು ಮುರಿಯುತ್ತಾನೆ. ದೇವರ ನ್ಯಾಯಕ್ಕೆ ಅವನ ಮನಸ್ಸು ಹೊಂದಿಕೊಂಡಿತು ಅಂತ ಕೆಲವು ಪಂಡಿತರು. ಆ ಜಾಗದ ಚಳಿ ಅವನಿಗೂ ಹತ್ತಿತು ಅಂತ ನಾನು. ನಿನ್ನದು ಏನಿದ್ದರೂ ಸರಿ, ಆ ಜಾಗ ಖಾಲಿ ಬಿಡಬೇಡ.

ಹಿಮ್ಮೈಯಲ್ಲಿ ಸಣ್ಣಗೆ ಒಂದು ಪ್ರಶ್ನೆ ಗೀಚಿದ್ದೀಯ: 'ಇವನ ಲೆಕ್ಕದಲ್ಲಿ ನಾವೆಲ್ಲ ಎಲ್ಲಿ?' ಅಜ್ಜ ಹೋದಾಗ ಹನ್ನೊಂದು ದಿನ ಮನೆಯಲ್ಲಿ ಗರುಡ ಪುರಾಣ ಕೇಳಿದವಳು ನೀನು. ಅಲ್ಲಿ ಕುಂಭೀಪಾಕವಿದ್ದರೂ ಒಂದು ದಿನ ಶಿಕ್ಷೆ ಮುಗಿಯುತ್ತದೆ, ಆಮೇಲೆ ಮತ್ತೆ ಹುಟ್ಟು ಅನ್ನೋದು ಇದೆ. ಇಲ್ಲಿ ಬಾಗಿಲಲ್ಲೇ ಆಸೆ ಬಿಟ್ಟು ಒಳಗೆ ಬನ್ನಿ ಅಂತ ಬರೆದಿದೆ. ವರ್ಜಿಲ್ ಕೂಡ ಕ್ರಿಸ್ತನಿಗಿಂತ ಮುಂಚೆ ಹುಟ್ಟಿದ ಒಂದೇ ಕಾರಣಕ್ಕೆ ನರಕದ ಹೊರವಲಯದಲ್ಲಿ ಉಳಿದವನು. ಆದರೆ ನಿನ್ನ ಪ್ರಶ್ನೆಯನ್ನು ಡಾಂಟೆಯೂ ಕೇಳಿಕೊಂಡಿದ್ದಾನೆ. ಕಾವ್ಯದ ಮೂರನೆಯ ಭಾಗ ಪಾರದೀಸೋ, ಅಂದರೆ ಸ್ವರ್ಗ, ಅದರ ಹತ್ತೊಂಬತ್ತನೆಯ ಸರ್ಗ. ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ. ಕ್ರಿಸ್ತನ ಹೆಸರು ಹೇಳುವವರು ಅಲ್ಲಿ ಯಾರೂ ಇಲ್ಲ. ಅವನು ಒಳ್ಳೆಯವನಾಗಿಯೇ ಬಾಳಿ ಸಾಯುತ್ತಾನೆ. ಅವನನ್ನು ಶಿಕ್ಷಿಸುವುದು ಯಾವ ನ್ಯಾಯ, ಅವನ ತಪ್ಪೇನು? ಹದ್ದಿನ ರೂಪದಲ್ಲಿ ನಿಂತ ಪುಣ್ಯಾತ್ಮರು ಇದಕ್ಕೆ, ಗೇಣುದ್ದ ನೋಟ ಇಟ್ಟುಕೊಂಡು ಸಾವಿರ ಮೈಲಿ ಆಚೆಯದಕ್ಕೆ ತೀರ್ಪು ಕೊಡಲು ನೀನು ಯಾರು ಅಂತ ಕೇಳುತ್ತಾರೆ. ಕ್ರಿಸ್ತ ಕ್ರಿಸ್ತ ಅಂತ ಕೂಗುವ ಎಷ್ಟೋ ಜನ ಕೊನೆಗೆ ಅವನನ್ನು ಅರಿಯದವನಿಗಿಂತ ದೂರ ನಿಲ್ಲುತ್ತಾರೆ ಅಂತಲೂ ಸೇರಿಸುತ್ತಾರೆ. ನನಗೆ ಎರಡನೆಯ ಮಾತು ಇಷ್ಟವಾಯಿತು, ಮೊದಲನೆಯದು ಉತ್ತರ ಅನ್ನಿಸಲಿಲ್ಲ. ಪೇಪರ್ ಕೊಟ್ಟ ಮೇಲೆ ಆ ಸರ್ಗ ಓದಿ ನಿನಗೇನು ಅನ್ನಿಸಿತು ಅಂತ ಬರಿ. ಹಾಸ್ಟೆಲ್ ವಿಳಾಸ ಬದಲಾಗಿದ್ದರೆ ಅದನ್ನೂ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ